ಕೃಷ್ಣಾ ತೀರದ ಕದನ: ಕಥೆ ಸೋತದ್ದೆಲ್ಲಿ?

ತಾಳಿಕೋಟೆ ಕದನ ತಾಳಿಕೋಟೆಯಲ್ಲಿ ನಡೆಯಲಿಲ್ಲ. 1565ರ ಜನವರಿಯಲ್ಲಿ ವಿಜಯನಗರದ ಅಳಿಯ ರಾಮರಾಯನಿಗೂ ದಖ್ಖನಿನ ಸುಲ್ತಾನರ ಒಕ್ಕೂಟಕ್ಕೂ ನಡೆದ ಈ ಯುದ್ಧದ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಡೋಣಿ ನದಿಯ ದಂಡೆಯ ತಾಳಿಕೋಟೆ, ಸುಲ್ತಾನರ ದಂಡು 1564ರ ಡಿಸೆಂಬರ್ ಕೊನೆಯಲ್ಲಿ ಬಂದು ಬೀಡುಬಿಟ್ಟ ಊರು ಅಷ್ಟೆ. ಕಾದಾಟ ನಡೆದದ್ದು ಅಲ್ಲಿಂದ ದಕ್ಷಿಣಕ್ಕೆ, ಕೃಷ್ಣಾ ನದಿಯ ಆಸುಪಾಸಿನಲ್ಲಿ. 1900ರಲ್ಲಿ ವಿಜಯನಗರದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ರಾಬರ್ಟ್ ಸಿವೆಲ್ ಅವರೇ ರಣರಂಗ ತಾಳಿಕೋಟೆಯಿಂದ ಬಲು ದೂರ, ನದಿಯ ಆಚೆ ದಡದಲ್ಲಿತ್ತೆಂದು ಬರೆದರು. ಸ್ಥಳೀಯ ಪರಂಪರೆ ಮಾತ್ರ ಅದನ್ನು ರಕ್ಕಸಗಿ ಮತ್ತು ತಂಗಡಗಿ ಎಂಬ ಎರಡು ಹಳ್ಳಿಗಳ ಹೆಸರಿನಿಂದ ಗುರುತಿಸುತ್ತದೆ.

ಈ ಎರಡು ಹಳ್ಳಿಗಳೂ ನಾಲತವಾಡವೂ ಮುದ್ದೇಬಿಹಾಳ ತಾಲ್ಲೂಕಿನವು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ತಾಳಿಕೋಟೆಯೂ ಮೊದಲು ಇದೇ ತಾಲ್ಲೂಕಿನಲ್ಲಿತ್ತು. ಅಂದಮೇಲೆ ನಾಲತವಾಡದ ಓದುಗನಿಗೆ ಇದು ದೂರದ ರಾಜಧಾನಿಯ ಸುದ್ದಿಯಲ್ಲ, ತನ್ನ ಸೀಮೆಯ ಇತಿಹಾಸ. ಆದ್ದರಿಂದಲೇ ಈ ಕದನವನ್ನು ಕುರಿತ ಕಥೆ, ಕಾದಂಬರಿ, ನಾಟಕಗಳನ್ನು ಆಸೆಯಿಂದ ಕೈಗೆತ್ತಿಕೊಂಡಾಗ ಅವನಿಗಾಗುವ ನಿರಾಶೆಯೂ ಉಳಿದವರಿಗಿಂತ ಒಂದು ತೂಕ ಹೆಚ್ಚು. ಪುಸ್ತಕದಲ್ಲಿ ಖಡ್ಗಗಳು ಝಳಪಿಸುತ್ತವೆ, ದ್ರೋಹಿಗಳು ಪಿಸುಗುಟ್ಟುತ್ತಾರೆ, ಸಾಮ್ರಾಜ್ಯ ಒಂದೇ ಸಂಜೆಯಲ್ಲಿ ಮಣ್ಣುಪಾಲಾಗುತ್ತದೆ. ಪುಸ್ತಕ ಮುಚ್ಚಿದ ಮೇಲೆ ಉಳಿಯುವ ಪ್ರಶ್ನೆ: ಇಷ್ಟೇ ಆಗಿದ್ದರೆ ಈ ಯುದ್ಧ ಯಾಕೆ ನಡೆಯಿತು?

ಕಾದಂಬರಿಕಾರ ಇತಿಹಾಸಕ್ಕೆ ಕಲ್ಪನೆ ಬೆರೆಸುತ್ತಾನೆಂಬ ದೂರು ಹಳೆಯದು. ರಕ್ಕಸಗಿ-ತಂಗಡಗಿಯ ಮಟ್ಟಿಗೆ ನಿಜವಾದ ದೂರು ಬೇರೆಯೇ ಇದೆ. ಇಲ್ಲಿ ಉಳಿದುಬಂದಿರುವ ದಾಖಲೆಗಳು ಬಹುಪಾಲು ಕಥೆಗಳಿಗಿಂತ ಹೆಚ್ಚು ಸ್ವಾರಸ್ಯಕರವಾಗಿವೆ. ಕಲ್ಪನೆ ಕೈಹಾಕಿದ ಕಡೆಯೆಲ್ಲ ವಿಷಯ ಹಿಗ್ಗುವ ಬದಲು ಕುಗ್ಗಿದೆ.

ಪುಸ್ತಕ ಹೊತ್ತು ತಿರುಗಿದವರು

ಈ ಕಥೆಗಳು ಹುಟ್ಟಿದ ಕಾಲವನ್ನು ಮರೆತು ಅವುಗಳನ್ನು ಅಳೆಯುವುದು ನ್ಯಾಯವಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವಿಜಾಪುರ, ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತದಲ್ಲಿದ್ದವು. ಬಳ್ಳಾರಿ ಮದರಾಸಿನದು. ಕೃಷ್ಣೆಯ ಆಚೆಯ ಮುದಗಲ್, ರಾಯಚೂರು ಹೈದರಾಬಾದಿನ ನಿಜಾಮನ ಕೈಯಲ್ಲಿದ್ದವು. ಕನ್ನಡಿಗರಿಗೆ ತಮ್ಮದೊಂದು ನಾಡಿತ್ತೆಂದು ನೆನಪಿಸಬೇಕಾಗಿತ್ತು. ವಿಜಾಪುರದಲ್ಲಿ ಹುಟ್ಟಿದ ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಪ್ರಕಟಿಸಿದ್ದು ಇದೇ ಹಂಬಲದಿಂದ. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದದ್ದೂ ಇದೇ ಭಾವನೆಯ ಫಲ.

ಕಾದಂಬರಿಯಲ್ಲಿ ಈ ಕೆಲಸ ಮಾಡಿದವರು ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು. ಕಾಲ 1869ರಿಂದ 1942. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ಇಳಿಸಿದ ಅವರು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಉತ್ತರ ಕರ್ನಾಟಕದಲ್ಲಿ ಓದುವ ಚಟ ಹಚ್ಚಿದವರಲ್ಲಿ ಅವರದು ಮೊದಲ ಸಾಲಿನ ಹೆಸರು. ವಿಜಯನಗರದ ಪತನವನ್ನು ಕುರಿತ ಆಪ್ಟೆಯವರ ‘ವಜ್ರಾಘಾತ’ ಅವರ ಕೈಯಲ್ಲಿ ‘ಕನ್ನಡಿಗರ ಕರ್ಮಕಥೆ’ಯಾಯಿತು. ಶೀರ್ಷಿಕೆಯೇ ಅದರ ಉದ್ದೇಶವನ್ನು ಸಾರುತ್ತದೆ. ಅಲ್ಲಿ ರಾಮರಾಯನಿಗೂ ಮೆಹೆರ್ಜಾನ್ ಎಂಬಾಕೆಗೂ ಪ್ರೇಮ. ಸಾಮ್ರಾಜ್ಯದ ಅಳಿವಿಗೆ ಒಂದು ಸಂಸಾರದ ದುರಂತವೇ ಬೀಜ. ಕಣ್ಣೀರು ತರಿಸುವ ಕಥೆ ಅದು. ಸೋತ ನಾಡಿಗೆ ತನ್ನ ಸೋಲನ್ನು ನೆನೆದು ಅಳಲು ಅಂದು ಒಂದು ಕಥೆ ಬೇಕಿತ್ತು. ಗಳಗನಾಥರು ಅದನ್ನು ಒದಗಿಸಿದರು.

1956ರಲ್ಲಿ ಕನ್ನಡ ಸೀಮೆಗಳು ಒಂದಾದವು. ಕಾದಂಬರಿ ತನ್ನ ಕೆಲಸ ಮುಗಿಸಿತ್ತು. ಆದರೆ ಅಚ್ಚು ಮಾತ್ರ ಉಳಿದುಬಿಟ್ಟಿತು. ಒಳ್ಳೆಯ ಅರಸ, ನೀಚ ದ್ರೋಹಿ, ಕ್ರೂರ ಶತ್ರು, ನಡುವೆ ಒಂದು ಪ್ರಣಯ. ಮುಂದೆ ಬಂದ ಎಷ್ಟೋ ಜನಪ್ರಿಯ ಕಥನಗಳು ಈ ಅಚ್ಚಿನಲ್ಲೇ ಎರಕಗೊಂಡವು.

ದಾಖಲೆ ಹೇಳುವ ಕಥೆ

ಅಚ್ಚಿನಿಂದ ಹೊರಬಂದು ದಾಖಲೆಗಳತ್ತ ತಿರುಗಿದರೆ ಕಾಣುವ ಚಿತ್ರವೇ ಬೇರೆ. ಮೊದಲನೆಯದಾಗಿ ರಾಮರಾಯ. ಇವನು ಕೃಷ್ಣದೇವರಾಯನ ಅಳಿಯ, ಅರವೀಡು ವಂಶದವನು. ತರುಣನಾಗಿದ್ದಾಗ ಕೆಲಕಾಲ ಗೋಲ್ಕೊಂಡದ ಸುಲ್ತಾನ್ ಕುಲಿ ಕುತುಬ್ ಶಾಹನ ಚಾಕರಿಯಲ್ಲಿದ್ದನೆಂದು ಇತಿಹಾಸಕಾರ ರಿಚರ್ಡ್ ಈಟನ್ ಪರ್ಷಿಯನ್ ಆಧಾರದಿಂದ ತೋರಿಸಿದ್ದಾರೆ. ಮುಂದೆ ಸದಾಶಿವರಾಯನನ್ನು ಹೆಸರಿಗೆ ಸಿಂಹಾಸನದ ಮೇಲೆ ಕೂರಿಸಿ ಅಧಿಕಾರವನ್ನೆಲ್ಲ ತಾನೇ ನಡೆಸಿದ. ಕದನದ ಹೊತ್ತಿಗೆ ಅವನಿಗೆ ಎಂಬತ್ತರ ವಯಸ್ಸು.

ಎದುರು ನಿಂತವರು ಯಾರು? ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ಪಟ್ಟಕ್ಕೆ ಬರುವ ಮೊದಲು, 1543ರಿಂದ 1550ರವರೆಗೆ ಏಳು ವರ್ಷ, ಪ್ರಾಣಭಯದಿಂದ ಓಡಿಬಂದು ಇದೇ ರಾಮರಾಯನ ಆಶ್ರಯದಲ್ಲಿದ್ದವನು. ವಿಜಾಪುರದ ಮೊದಲನೆಯ ಅಲಿ ಆದಿಲ್ ಶಾಹನದು ಇನ್ನೂ ವಿಚಿತ್ರ ಸಂಬಂಧ. ರಾಮರಾಯನ ಮಗನೊಬ್ಬ ತೀರಿಕೊಂಡಾಗ ಅಲಿ ತಾನೇ ವಿಜಯನಗರಕ್ಕೆ ಹೋಗಿ ದುಃಖಿತರನ್ನು ಮಾತಾಡಿಸಿದ. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು. ಆದರೆ ಅಲಿ ಹಿಂತಿರುಗುವಾಗ ಅವನನ್ನು ಕಳುಹಿಸಿಕೊಡಲು ರಾಮರಾಯ ಊರ ಹೊರಗಿನವರೆಗೆ ಬರಲಿಲ್ಲ. ಆ ಅವಮಾನ ಅಲಿಯ ಮನಸ್ಸಿನಲ್ಲಿ ಉಳಿಯಿತೆಂದು ಚರಿತ್ರಕಾರ ಫೆರಿಶ್ತಾ ಬರೆಯುತ್ತಾನೆ.

ಅಹಮದನಗರದ ಹುಸೇನ್ ನಿಜಾಮ್ ಶಾಹನ ಪ್ರಸಂಗವನ್ನೂ ಫೆರಿಶ್ತಾ ಹೇಳಿದ್ದಾನೆ. ಯುದ್ಧದಲ್ಲಿ ಸೋತ ಹುಸೇನ್ ಸಂಧಿಗಾಗಿ ರಾಮರಾಯನ ಡೇರೆಗೆ ಬಂದ. ಕೈ ಮುಟ್ಟಿ ಮಾತಾಡಿದ ಮೇಲೆ ಎಲ್ಲರೆದುರಿಗೇ ನೀರು ತರಿಸಿ ಕೈ ತೊಳೆದುಕೊಂಡ. ಸಿಟ್ಟಾದ ರಾಮರಾಯ ತನ್ನ ಮಾತಿನಲ್ಲಿ ಗೊಣಗಿ, ತಾನೂ ನೀರು ತರಿಸಿ ಕೈ ತೊಳೆದ. ಆ ಸೋಲಿನಲ್ಲಿ ಹುಸೇನ್ ಕಲ್ಯಾಣದ ಕೋಟೆಯನ್ನು ಬಿಟ್ಟುಕೊಡಬೇಕಾಯಿತು. ಆಗ ಅವನ ವಿರುದ್ಧ ರಾಮರಾಯನ ಪಕ್ಕದಲ್ಲಿ ನಿಂತು ಕಾದಿದವರಲ್ಲಿ ಇದೇ ಅಲಿಯೂ ಇದ್ದ, ಇಬ್ರಾಹಿಮನೂ ಇದ್ದ!

ಇಂಥವರು ಒಂದಾಗಲು ನಂಟಸ್ತನವೇ ಬೇಕಾಯಿತು. ಹುಸೇನನ ಮಗಳು ಚಾಂದ್ ಬೀಬಿಯನ್ನು ಅಲಿಗೆ ಕೊಟ್ಟು ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಒಪ್ಪಿಸಲಾಯಿತು. ಅಲಿಯ ತಂಗಿಯನ್ನು ಹುಸೇನನ ಮಗನಿಗೆ ತಂದುಕೊಳ್ಳಲಾಯಿತು. ಬೀದರಿನ ಅಲಿ ಬರೀದ್ ಶಾಹನೂ ಸೇರಿಕೊಂಡ. ಬೇರಾರಿನವರು ಹುಸೇನನ ಮೇಲಿನ ಹಳೆಯ ಸಿಟ್ಟಿನಿಂದ ದೂರ ಉಳಿದರು ಎನ್ನುತ್ತಾನೆ ಫೆರಿಶ್ತಾ. ಪಣಕ್ಕಿದ್ದುದು ಕಲ್ಯಾಣ, ರಾಯಚೂರು, ಮುದಗಲ್ ಕೋಟೆಗಳು ಮತ್ತು ಎರಡು ನದಿಗಳ ನಡುವಣ ದೋಆಬ್ ಸೀಮೆ. ಮಗನೆಂದು ಕರೆಸಿಕೊಂಡವನು, ಏಳು ವರ್ಷ ಅನ್ನ ಉಂಡವನು, ಕೈ ತೊಳೆದವನು, ಮೂವರೂ ಒಬ್ಬ ಮುದುಕನ ವಿರುದ್ಧ ಕೃಷ್ಣೆ ದಾಟಿ ಬಂದರು. ಇದಕ್ಕಿಂತ ದೊಡ್ಡ ನಾಟಕವನ್ನು ಯಾವ ಲೇಖಕ ತಾನೇ ಕಟ್ಟಬಲ್ಲ? ಆದರೂ ಅಚ್ಚಿನ ಕಥೆ ಇವರನ್ನೆಲ್ಲ ಮುಖವಿಲ್ಲದ ಒಂದು ‘ಶತ್ರುಪಡೆ’ಯಾಗಿ ಮಾಡಿ ಮುಗಿಸುತ್ತದೆ.

ದ್ರೋಹ, ತುಪಾಕಿ, ತಾಮ್ರದ ಕಾಸು

ಸೋಲಿಗೆ ಕಾರಣ ಯಾವುದು ಎಂಬಲ್ಲಿಯೂ ಕಥೆಗಳಿಗೆ ಒಂದೇ ಉತ್ತರ ಪ್ರಿಯ: ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಮುಸ್ಲಿಂ ಸರದಾರರು ಸಮಯ ನೋಡಿ ತಿರುಗಿಬಿದ್ದರು. ಗಿಲಾನಿ ಸಹೋದರರೆಂಬ ಹೆಸರಿನಲ್ಲಿ ಈ ಮಾತು ಈಗ ಮನೆಮಾತಾಗಿದೆ. ಇದರ ಮೂಲ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್. ಅವನು ವಿಜಯನಗರಕ್ಕೆ ಬಂದದ್ದು 1567ರಲ್ಲಿ, ಯುದ್ಧವಾಗಿ ಎರಡು ವರ್ಷಗಳ ಮೇಲೆ. ಏಳು ತಿಂಗಳು ಅಲ್ಲಿದ್ದು ಕೇಳಿದ್ದನ್ನು ಬರೆದ. ಗೆದ್ದವರ ಕಡೆಯ ಫೆರಿಶ್ತಾ ಈ ದ್ರೋಹದ ಮಾತನ್ನೇ ಎತ್ತುವುದಿಲ್ಲ. ಅವನು ಬರೆದದ್ದೂ ಯುದ್ಧವಾಗಿ ನಲವತ್ತು ವರ್ಷಗಳ ಸುಮಾರಿಗೆ, ವಿಜಾಪುರದ ಆಸ್ಥಾನದಲ್ಲಿ ಕುಳಿತು.

ಫೆರಿಶ್ತಾ ಹೇಳುವುದು ಫಿರಂಗಿಗಳ ಕಥೆ. ಅಹಮದನಗರದ ಚಲಬಿ ರೂಮಿ ಖಾನ್ ಆರುನೂರು ತುಪಾಕಿಗಳನ್ನು ಮೂರು ಸಾಲಾಗಿ ನಿಲ್ಲಿಸಿದ್ದ. ವಿಜಯನಗರದವರು ತೀರ ಹತ್ತಿರ ಬಂದಾಗ ಗುಂಡಿನ ಬದಲು ತಾಮ್ರದ ಕಾಸಿನ ಚೀಲಗಳನ್ನು ತುಂಬಿ ಹಾರಿಸಿದ. ಗದ್ದಲದಲ್ಲಿ ಆನೆಯೊಂದು ಮೇಲೆ ಬಂದಿತೆಂದು ಬೋಯಿಗಳು ರಾಮರಾಯನ ಪಲ್ಲಕ್ಕಿಯನ್ನು ಬಿಟ್ಟು ಓಡಿದರು. ಅವನು ಸೆರೆಸಿಕ್ಕ. ಹುಸೇನ್ ನಿಜಾಮ್ ಶಾಹ ಅವನ ತಲೆ ಕಡಿಸಿದ. ಅದೇ ಕಾಲದಲ್ಲಿ ಅಹಮದನಗರದಲ್ಲಿ ಸಿದ್ಧವಾದ ‘ತಾರೀಫ್-ಎ-ಹುಸೇನ್ ಶಾಹಿ’ ಎಂಬ ಸಚಿತ್ರ ಹಸ್ತಪ್ರತಿಯಲ್ಲಿ ಈ ಶಿರಚ್ಛೇದದ ಚಿತ್ರವಿದೆ. ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ ಅದನ್ನು ಕಾಪಾಡಲಾಗಿದೆ.

ದ್ರೋಹವೇ ನಡೆಯಲಿಲ್ಲವೆಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಸಾಕ್ಷಿಗಳು ಒಂದೇ ಮಾತು ಹೇಳುವುದಿಲ್ಲವೆಂಬುದು ಮುಖ್ಯ. ವಿಜಯನಗರದ ಸೈನ್ಯದಲ್ಲಿ ಮುಸ್ಲಿಂ ಯೋಧರಿದ್ದುದು ಹೊಸದೂ ಅಲ್ಲ, ಗುಟ್ಟೂ ಅಲ್ಲ. ಎರಡನೆಯ ದೇವರಾಯನ ಕಾಲದಿಂದಲೇ ಅವರು ಇದ್ದರು. 1439ರಲ್ಲಿ ಅವನ ಸೇವಕ ಅಹಮದ್ ಖಾನ್ ಹಂಪಿಯಲ್ಲಿ ಕಟ್ಟಿಸಿದ ಮಸೀದಿ, ಅದರ ಕನ್ನಡ ಶಾಸನದೊಂದಿಗೆ, ಇಂದಿಗೂ ನಿಂತಿದೆ. ಒಂದು ನೂರು ವರ್ಷಕ್ಕೂ ಮೀರಿದ ಈ ನಂಬಿಕೆಯ ಕಥೆ ಬಿಟ್ಟು ಒಂದು ಗಳಿಗೆಯ ದ್ರೋಹವನ್ನಷ್ಟೇ ಹೇಳಿದರೆ ಓದುಗನಿಗೆ ಸಿಗುವುದು ಅರ್ಧ ಸತ್ಯ.

ಕುಲಾಯಿ ಕಳೆದುಕೊಂಡ ದೊರೆ

ವೇಷಭೂಷಣದ ವಿಷಯದಲ್ಲಿಯೂ ಹೀಗೆಯೇ. ರಂಗದ ಮೇಲೆ, ತೆರೆಯ ಮೇಲೆ ವಿಜಯನಗರದ ಅರಸರೆಂದರೆ ತೆರೆದ ಎದೆ, ಭುಜಕೀರ್ತಿ, ಹೊಳೆಯುವ ಕಿರೀಟ. ಆಸ್ಥಾನದ ನಿಜವಾದ ಉಡುಪು ಉದ್ದನೆಯ ಕಬಾಯಿ, ತಲೆಗೆ ಎತ್ತರದ ಕುಲಾಯಿ. ತಿರುಮಲೆಯ ಗುಡಿಯಲ್ಲಿ ಇಬ್ಬರು ರಾಣಿಯರೊಂದಿಗೆ ಕೈಮುಗಿದು ನಿಂತಿರುವ ಕೃಷ್ಣದೇವರಾಯನ ಪ್ರತಿಮೆಯ ತಲೆಯ ಮೇಲೂ ಇಂಥದೇ ಕುಲಾಯಿಯಿದೆ. ಈ ಉಡುಪು ಪಶ್ಚಿಮ ಏಷ್ಯಾದ ಆಸ್ಥಾನಗಳ ರೀತಿಯದು. ತಮ್ಮನ್ನು ‘ಹಿಂದೂರಾಯ ಸುರತ್ರಾಣ’ ಎಂದು ಕರೆದುಕೊಂಡ ಈ ಅರಸರು ಸುಲ್ತಾನ ಎಂಬ ಪದವನ್ನೇ ಬಿರುದಾಗಿ ತೊಟ್ಟಿದ್ದರೆಂದು ಫಿಲಿಪ್ ವ್ಯಾಗನರ್ 1996ರ ಪ್ರಬಂಧದಲ್ಲಿ ವಿವರಿಸಿದ್ದಾರೆ. ಹಂಪಿಯ ಕಮಲ ಮಹಲಿನ ಕಮಾನುಗಳನ್ನೂ ಗಜಶಾಲೆಯ ಗುಮ್ಮಟಗಳನ್ನೂ ನೋಡಿದವರಿಗೆ ಇದು ಆಶ್ಚರ್ಯವಲ್ಲ. ಕಲ್ಲಿನಲ್ಲಿ ಎದ್ದು ಕಾಣುವುದನ್ನು ಕಥೆ ಮರೆಮಾಡುತ್ತದೆ ಅಷ್ಟೆ.

ಕೊನೆಯ ದೃಶ್ಯವೂ ಅರ್ಧ ಸತ್ಯವೇ. ಹಂಪಿ ಸುಲಿಗೆಯಾಯಿತು, ಸುಟ್ಟಿತು. ವಿಠ್ಠಲ ದೇವಾಲಯದಂಥ ಗುಡಿಗಳು ಹಾನಿಗೊಂಡವು. ಇದರಲ್ಲಿ ಸಂಶಯವಿಲ್ಲ. ಆದರೆ ವಿರೂಪಾಕ್ಷನ ಗುಡಿ ಉಳಿಯಿತು, ಅಲ್ಲಿ ಇಂದಿಗೂ ಪೂಜೆಯಿದೆ. ನಗರ ಪೂರ್ತಿ ಹಾಳಾಗಿಲ್ಲ, ಮನೆಗಳು ನಿಂತಿವೆ, ಒಳಗೆ ಜನರಿಲ್ಲ ಎಂದು ಬರೆದವನು ಅದೇ ಫ್ರೆಡರಿಕ್. ರಾಮರಾಯನ ತಮ್ಮ ತಿರುಮಲ ಪೆನುಗೊಂಡೆಗೆ ಸರಿದು ರಾಜ್ಯ ಮುಂದುವರಿಸಿದ. ಅರವೀಡು ಅರಸರು ಮುಂದಿನ ಶತಮಾನದಲ್ಲಿಯೂ ಆಳುತ್ತಿದ್ದರು. ಗೆದ್ದ ಸುಲ್ತಾನರಾದರೋ ಬೇಗನೆ ಮತ್ತೆ ತಮ್ಮತಮ್ಮಲ್ಲೇ ಕಚ್ಚಾಡಿದರು.

ನೈಲ್ ತೀರದಲ್ಲೂ ಇದೇ ಗೋಳು

ಹಳೆಯ ಕಾಲವನ್ನು ಅಚ್ಚಿಗೆ ಹೊಯ್ಯುವ ಈ ಚಾಳಿ ಕನ್ನಡದ್ದಷ್ಟೇ ಅಲ್ಲ. ಪ್ರಾಚೀನ ಈಜಿಪ್ಟನ್ನು ಕುರಿತ ಕಾದಂಬರಿಗಳ ಓದುಗರೂ ಇದೇ ಗೊಣಗಾಟ ಗೊಣಗುತ್ತ ಬಂದಿದ್ದಾರೆ. ಜರ್ಮನಿಯ ಗೇಯೋರ್ಗ್ ಎಬರ್ಸ್ ಸ್ವತಃ ಈಜಿಪ್ಟಿನ ಪುರಾತತ್ವದ ವಿದ್ವಾಂಸ. 1864ರಲ್ಲಿ ಅವರು ಈಜಿಪ್ಟಿನ ರಾಜಕುಮಾರಿಯೊಬ್ಬಳ ಕಾದಂಬರಿ ಬರೆದ ಮೇಲೆ ಆ ಬಗೆಯ ಕಥೆಗಳ ಸಾಲೇ ಹರಿಯಿತು. ಶಾಪ, ರಕ್ಷಾಶವ, ಸುಂದರ ರಾಣಿ, ಕುತಂತ್ರಿ ಪೂಜಾರಿ. ಚಾಟಿಯೇಟು ತಿನ್ನುತ್ತ ಪಿರಮಿಡ್ ಕಟ್ಟುವ ಗುಲಾಮರು. ಇದು ಅಲ್ಲಿನ ಅಚ್ಚು.

ಆದರೆ 1990ರಿಂದೀಚೆಗೆ ಗೀಜಾದಲ್ಲಿ ಪಿರಮಿಡ್ ಕಟ್ಟಿದ ಕೆಲಸಗಾರರ ಸಮಾಧಿಗಳು ಬೆಳಕಿಗೆ ಬಂದವು. ಗೌರವದಿಂದ ಹೂಳಲ್ಪಟ್ಟ ಈ ಜನ ಗುಲಾಮರಾಗಿರಲಿಲ್ಲವೆಂಬುದು ಅಗೆತ ನಡೆಸಿದವರ ತೀರ್ಮಾನ. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್ ಎಂಬಲ್ಲಿ ಮೆರೆರ್ ಎಂಬ ಮೇಸ್ತ್ರಿಯ ದಿನಚರಿ ಸಿಕ್ಕಿತು. ಸುಮಾರು 4,500 ವರ್ಷಗಳ ಹಿಂದೆ ಅವನ ತಂಡ ದೋಣಿಯಲ್ಲಿ ಸುಣ್ಣಕಲ್ಲು ತುಂಬಿಕೊಂಡು ಗೀಜಾಕ್ಕೆ ಸಾಗಿಸಿದ ದಿನದಿನದ ಲೆಕ್ಕ ಅದರಲ್ಲಿದೆ. ಈ ಮೇಸ್ತ್ರಿಯನ್ನು ಯಾವ ಕಾದಂಬರಿಕಾರನೂ ಊಹಿಸಿರಲಿಲ್ಲ.

ಈಜಿಪ್ಟಿನವರೇ ಆದ ನಜೀಬ್ ಮಹಫೂಜ್ ಅವರ ದಾರಿ ನಮಗೆ ಹೆಚ್ಚು ಪಾಠ ಹೇಳುತ್ತದೆ. 1939, 1943 ಮತ್ತು 1944ರಲ್ಲಿ ಅವರು ಫೆರೋಗಳ ಕಾಲದ ಮೂರು ಕಾದಂಬರಿ ಬರೆದರು. ಮೂರನೆಯದು ಪರಕೀಯರ ವಿರುದ್ಧ ಥೀಬ್ಸ್ ನಗರ ನಡೆಸಿದ ಹೋರಾಟದ ಕಥೆ. ಅಂದಿನ ಓದುಗರಿಗೆ ಅದರಲ್ಲಿ ಬ್ರಿಟಿಷರ ನೆರಳು ಕಂಡಿತು. ಗಳಗನಾಥರ ಕೆಲಸದಂಥದೇ ಕೆಲಸ ಅದು. ಬಳಿಕ ಮಹಫೂಜ್ ಆ ದಾರಿ ಬಿಟ್ಟು ತಮ್ಮ ಕೈರೋ ನಗರದ ಓಣಿಗಳತ್ತ ಹೊರಳಿದರು. 1988ರಲ್ಲಿ ನೊಬೆಲ್ ಪಡೆದರು. ಅದಕ್ಕೆ ಮೂರು ವರ್ಷ ಮೊದಲು, 1985ರಲ್ಲಿ, ಮತ್ತೆ ಫೆರೋಗಳತ್ತ ಬಂದಾಗ ಅವರ ರೀತಿಯೇ ಬದಲಾಗಿತ್ತು. ಅಖೆನಾತನ್ ಎಂಬ ದೊರೆ ಸತ್ತ ಮೇಲೆ ತರುಣನೊಬ್ಬ ಅವನನ್ನು ಬಲ್ಲವರನ್ನೆಲ್ಲ ಹುಡುಕಿಕೊಂಡು ಹೋಗಿ ಕೇಳುತ್ತಾನೆ. ಒಬ್ಬನಿಗೆ ಅವನು ಸಂತ, ಇನ್ನೊಬ್ಬನಿಗೆ ಹುಚ್ಚ, ಮತ್ತೊಬ್ಬನಿಗೆ ನಾಡು ಕೆಡಿಸಿದವ. ತೀರ್ಪು ಓದುಗನಿಗೇ ಬಿಟ್ಟದ್ದು.

ರಕ್ಕಸಗಿ-ತಂಗಡಗಿಗೆ ಬೇಕಾದದ್ದು ಇಂಥ ಕಣ್ಣು. ಕನ್ನಡದಲ್ಲಿ ಆ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ಗಿರೀಶ ಕಾರ್ನಾಡರು ತಮ್ಮ ಕೊನೆಯ ನಾಟಕಕ್ಕೆ ಆರಿಸಿಕೊಂಡದ್ದು ಇದೇ ಕದನವನ್ನು. ‘ರಾಕ್ಷಸ ತಂಗಡಿ’ 2018ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂದಿತು. ಮರುವರ್ಷ ಕಾರ್ನಾಡರು ತೀರಿಕೊಂಡರು. ಕಲ್ಯಾಣದ ಮೇಲೆ, ಚಾಲುಕ್ಯರ ಹಿರಿಮೆಯ ಮೇಲೆ ಕಣ್ಣಿಟ್ಟ ರಾಮರಾಯ ಅಲ್ಲಿ ವೀರನೂ ಅಲ್ಲ, ಖಳನೂ ಅಲ್ಲ. ಅಧಿಕಾರ ಕೈಯಲ್ಲಿದ್ದೂ ಸಿಂಹಾಸನವಿಲ್ಲದ ಮನುಷ್ಯ. ಹೊಸ ಸಂಶೋಧನೆಯನ್ನು ಓದಿಕೊಂಡು ಬರೆದರೆ ನಾಟಕ ಸೊರಗುವುದಿಲ್ಲವೆಂಬುದಕ್ಕೆ ಅದು ನಿದರ್ಶನ. 2023ರಲ್ಲಿ ಸಲ್ಮಾನ್ ರಶ್ದಿಯವರ ‘ವಿಕ್ಟರಿ ಸಿಟಿ’ ವಿಜಯನಗರವನ್ನು ಜಗತ್ತಿನ ಓದುಗರಿಗೆ ಒಯ್ದಿತು. ಅದು ಮಾಯಾಕಥೆಯೆಂದು ತಾನೇ ಹೇಳಿಕೊಳ್ಳುವುದರಿಂದ ಇತಿಹಾಸವೆಂದು ಮೋಸಹೋಗುವ ಭಯವಿಲ್ಲ.

ಕಾಣದೆ ಹೋದ ಹೊಲ

ಇಷ್ಟಾದರೂ ನಾಲತವಾಡದ ಓದುಗನ ಒಂದು ಕೊರತೆ ಹಾಗೆಯೇ ಉಳಿಯುತ್ತದೆ. ಈ ಕಥೆಗಳಲ್ಲಿ ಅರಮನೆಯಿದೆ, ಡೇರೆಯಿದೆ, ರಣರಂಗವಿದೆ, ಊರಿಲ್ಲ. ಜನವರಿಯೆಂದರೆ ಈ ಸೀಮೆಯಲ್ಲಿ ಹಿಂಗಾರಿ ಬಿಳಿಜೋಳ ತೆನೆಗಟ್ಟಿ ನಿಲ್ಲುವ ಕಾಲ. ಎಳ್ಳಮಾಸಿಗೆ ಚರಗ ಚೆಲ್ಲಿ ಬಂದ ಮೇಲೆ ಸುಗ್ಗಿಗಾಗಿ ಕಾಯುವ ದಿನಗಳು. ಚರಿತ್ರಕಾರರು ಲಕ್ಷಗಳಲ್ಲಿ ಎಣಿಸಿದ ಆ ಸೈನ್ಯ, ಕುದುರೆ, ಆನೆ, ಎತ್ತುಗಳು ತಿಂಗಳೊಪ್ಪತ್ತು ಡೋಣಿಗೂ ಕೃಷ್ಣೆಗೂ ನಡುವೆ ಬೀಡುಬಿಟ್ಟಾಗ ಏನನ್ನು ತಿಂದವು? ಯಾರ ಹೊಲದ ಮೇವು, ಯಾರ ಹಗೇವಿನ ಕಾಳು ಹೋಯಿತು? ನದಿಯ ಹಾಯಗಡ ತೋರಿಸಿದ ಅಂಬಿಗರು ಯಾರು? ಬಸವಣ್ಣನವರ ಮಡದಿ ನೀಲಾಂಬಿಕೆ ಐಕ್ಯಳಾದ ತಾಣವೆಂದು ತಂಗಡಗಿಗೆ ಯುದ್ಧಕ್ಕಿಂತ ಹಳೆಯ ಹೆಸರಿದೆ. ಆ ನೆನಪನ್ನು ಇಟ್ಟುಕೊಂಡಿದ್ದ ಜನಕ್ಕೆ ಈ ದಂಡು ಹೇಗೆ ಕಂಡಿತು? ಇಲ್ಲಿ ದಾಖಲೆ ಮೌನವಾಗಿದೆ. ಇಂಥ ಕಡೆಯಲ್ಲೇ ಕಲ್ಪನೆಗೆ ನಿಜವಾದ ಕೆಲಸ. ದಾಖಲೆ ಮಾತಾಡುವ ಕಡೆ ಅದರ ಬಾಯಿ ಮುಚ್ಚಿಸಿ, ಅದು ಸುಮ್ಮನಿರುವ ಕಡೆ ತಾನೂ ಸುಮ್ಮನಿರುವ ಕಥೆಗಾರನಿಂದ ಓದುಗನಿಗೆ ಎರಡು ಕಡೆಯೂ ನಷ್ಟ.

ಇದು ಬರಿಯ ಸಾಹಿತ್ಯದ ಚರ್ಚೆಯಲ್ಲ. ಇತಿಹಾಸದ ಗ್ರಂಥ ಓದುವವರು ಕೆಲವರು. ಕಾದಂಬರಿ, ನಾಟಕ, ಸಿನಿಮಾಗಳಿಂದ ಇತಿಹಾಸ ಕಲಿಯುವವರು ಹಲವರು. ನಾಲ್ಕೂವರೆ ಶತಮಾನದ ಹಿಂದಿನ ಯುದ್ಧವನ್ನು ಕುರಿತ ಕಥೆ, ಇಂದು ಅಕ್ಕಪಕ್ಕದ ಮನೆಗಳಲ್ಲಿ ಬಾಳುವವರು ಒಬ್ಬರನ್ನೊಬ್ಬರು ನೋಡುವ ನೋಟವನ್ನು ಬದಲಿಸಬಲ್ಲದು. ನಾಲತವಾಡದಿಂದ ಕೃಷ್ಣೆಯಾಚೆಗಿನ ಮುದಗಲ್ ಅಂದು ಎರಡೂ ಕಡೆಯವರು ರಕ್ತ ಸುರಿಸಿ ಕಿತ್ತಾಡಿದ ಕೋಟೆ. ಇಂದು ಅದೇ ಮುದಗಲ್ಲಿನ ಹೆಸರು ಜನರ ಬಾಯಲ್ಲಿರುವುದು ಮೊಹರಮ್ಮಿಗಾಗಿ. ಜಾತಿ ಮತವೆನ್ನದೆ ಸುತ್ತಲಿನ ಸೀಮೆಯ ಜನ ಅಲ್ಲಿಗೆ ಹೋಗುತ್ತಾರೆ, ಹರಕೆ ಹೊರುತ್ತಾರೆ. ಹಳ್ಳಿಹಳ್ಳಿಯಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಕನ್ನಡದಲ್ಲಿ ರಿವಾಯತ್ ಹಾಡುವವರಲ್ಲಿ ಎಲ್ಲ ಮನೆತನದವರೂ ಇರುತ್ತಾರೆ. ಕಾದಾಡಿದ ಕೋಟೆಗೂ ಈ ಹಬ್ಬಕ್ಕೂ ನಡುವೆ ಏನೇನು ನಡೆಯಿತೆಂದು ಹೇಳುವ ಕಾದಂಬರಿ ಇನ್ನೂ ಬರಬೇಕಾಗಿದೆ. ಅದನ್ನು ಬರೆಯುವವರು ಕೃಷ್ಣೆಯ ಈ ದಂಡೆಯ ಊರುಗಳಿಂದಲೇ ಬಂದರೆ ಆಶ್ಚರ್ಯವಿಲ್ಲ.